ಅಟ್ಟ ಹತ್ತಲು ಬಿಡದ ಭಾವ

ನೆತ್ತಿಯ ಮೇಲೊಂದು ಸೂರನ್ನೂ ಆ ಸೂರಿನಡಿ ನನ್ನವರೆನ್ನುವ ಇಬ್ಬರನ್ನೂ ಕರುಣಿಸಿದ ಭಗವಂತನಿಗೆ ಮೊದಲು ಕೈಮುಗಿದು, ನಮ್ಮ ಭಾವನವರ ವಿಷಯಕ್ಕೆ ಬರುತ್ತೇನೆ. ಚಳಿಯೆಂಬುದು ಒಂದು ದುರಭ್ಯಾಸವೆಂದು ನಂಬಿದ ಮನುಷ್ಯ ಈ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ ಅವರೊಬ್ಬರೇ ಇರಬೇಕು.

ಮಿಲ್ಪಿಟಾಸಿನಲ್ಲಿ ಅಕ್ಕ-ಭಾವನ ಮನೆಯಲ್ಲಿಯೇ ನನ್ನ ವಾಸ. ಡಿಸೆಂಬರಿನ ಬೆಳಗಿನಲ್ಲೂ ಭಾವನವರದು ಪಂಚೆ ಮತ್ತು ತೆಳುವಾದ ಜುಬ್ಬ. ಸನ್ಮಾನಗಳಲ್ಲಿ ಬಂದ ಶಾಲುಗಳನ್ನೂ ತಮ್ಮ ಸ್ವೆಟರುಗಳನ್ನೂ ದೇವಸ್ಥಾನಕ್ಕೆ ಕೊಟ್ಟೆನೆಂದು ಹೇಳಿ ಹಗುರಾಗಿದ್ದರು. ಗೋಡೆಯ ಥರ್ಮೋಸ್ಟಾಟನ್ನು ಅವರು ಎಂದೂ ನಂಬಿದವರಲ್ಲ. ಕೋಣೆಗೊಂದರಂತೆ ಕೊಬ್ಬರಿ ಎಣ್ಣೆಯ ಬಾಟಲಿಯಿಟ್ಟು, ಸ್ನಾನ ಸಂಧ್ಯೆ ಮುಗಿದೊಡನೆ ಒಂದೊಂದನ್ನೂ ಬಾಗಿಸಿ ನೋಡಿ ಹವೆಯನ್ನು ನಿರ್ಣಯಿಸುತ್ತಿದ್ದರು.

“ಗೋಡೆಗೆ ಅಂಟ್ಕೊಂಡಿರೋ ಯಂತ್ರಕ್ಕೆ ಗೋಡೆ ಸುಖ ಮಾತ್ರ ಗೊತ್ತಿರುತ್ತೆ ಕಣಯ್ಯ” ಎನ್ನುತ್ತಿದ್ದರು.

ಮಹಡಿಯ ಮೇಲಿನ ಅಕ್ಕನ ಕೋಣೆಯ ಬಾಟಲಿ ಮಾತ್ರ ಸದಾ ಕಲ್ಲು. ಹೀಟರು ಎಷ್ಟು ಉರಿದರೂ ಶಾಖವೆಲ್ಲ ಅಟ್ಟದ ಮೂಲಕ ಆಕಾಶಕ್ಕೆ ಅರ್ಪಿತ. ಸಂಧಿವಾತದ ಬೆರಳುಗಳಿಂದ ಆಕೆಗೆ ಜಪಮಣಿ ಸರಿಸುವುದೂ ಕಷ್ಟವಾಯಿತು. ಕಡೆಗೊಂದು ಬೆಳಗ್ಗೆ ಸೂಟ್‌ಕೇಸು ತೆರೆದು ಮಂಚದ ಮೇಲಿಟ್ಟಳು.

“ಈ ಚಳಿಗಾಲ ಪೂರ್ತಿ ಮಗಳ ಮನೇಲಿ, ಆ ಬಿಸಿಲೂರು ಫೀನಿಕ್ಸಲ್ಲಿ ಇರ್ತೀನಿ. ನೀವು ನಿಮ್ಮ ಬಾಟ್ಲಿಗಳ ಜೊತೆ ಸುಖವಾಗಿರಿ.”

ಭಾವನವರ ಮುಖ ಬಾಡಿತು. ನಿವೃತ್ತರಾದ ಮೇಲೆ ಒಂದು ದಿನವೂ ಆಕೆಯನ್ನು ಅಗಲಿದವರಲ್ಲ. ಆದರೂ ಅಟ್ಟಕ್ಕೆ ಶಾಖ ಸೋರದಂತೆ ತಡೆಯುವ ಹೊಸ ಇನ್ಸುಲೇಶನ್ ಪದರ ಹಾಕಿಸೋಣವೆಂದರೆ ಒಪ್ಪರು. ಮೊದಲು ಅಮಾವಾಸ್ಯೆ ಅಡ್ಡ ಬಂತು. ಬಳಿಕ, ದೇವರ ಮನೆಯ ನೆತ್ತಿಯ ಮೇಲೆ ಯಾರೂ ಕಾಲಿಡಬಾರದೆಂದರು. ಅದೂ ಸಾಲದೆ, ಅಟ್ಟದಲ್ಲೊಂದು ಅಳಿಲು ಮರಿಹಾಕಿದೆಯೆಂದರು.

“ಅಳಿಲಿನ ಬಾಣಂತನಕ್ಕೆ ಇಷ್ಟು ಯೋಚನೆ” ಎಂದಳು ಅಕ್ಕ. “ನನ್ನ ಬಾಣಂತನದಲ್ಲಿ ಇವರು ಊರಲ್ಲೇ ಇರ್ಲಿಲ್ಲ.”

ನಾನೇ ಧೈರ್ಯಮಾಡಿ, ಈ ಕೆಲಸದಲ್ಲಿ ಪಳಗಿದ, ಇಲ್ಲೇ ನೆಲೆಸಿರುವ ಮೈಸೂರಿನ ಸಾಹೇಬರೊಬ್ಬರನ್ನು ಕರೆಸಿದೆ. ಅವರು ಏಣಿ ನಿಲ್ಲಿಸಿದೊಡನೆ ಭಾವನವರು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡರು.

“ಬಿಡಿ ಸಾರ್, ನಾನು ಬೀಳಲ್ಲ.”

“ನೀವು ಬೀಳೋದು ನನ್ನ ಚಿಂತೆ ಅಲ್ಲಪ್ಪ. ಹತ್ತೋದೇ ಚಿಂತೆ.”

ಸಾಹೇಬರು ನಕ್ಕು ಹತ್ತಿಯೇಬಿಟ್ಟರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಧ್ವನಿ ಬಂತು.

“ಅಮ್ಮಾ, ಹಳೇ ಪದರ ಎಲ್ಲ ಹಪ್ಪಳ ಆಗೋಗಿದೆ. ಆದ್ರೆ ನಿಮ್ಮ ಮಂಚದ ಮೇಲ್ಗಡೆ ಮಾತ್ರ ಯಾರೋ ಶಾಲು ಹಾಸಿದಾರೆ. ಒಂದರ ಮೇಲೊಂದು. ಸ್ವೆಟ್ರು ಇದೆ, ಒಂದು ಉಣ್ಣೆ ಕೋಟೂ ಇದೆ.”

ಅಕ್ಕ ಗಂಡನತ್ತ ತಿರುಗಿದಳು. “ದೇವಸ್ಥಾನಕ್ಕೆ ಕೊಟ್ಟೆ ಅಂದಿದ್ರಲ್ಲ?”

ಭಾವನವರು ಏಣಿ ಬಿಡದೆ, ನೆಲ ನೋಡುತ್ತ ಹೇಳಿದರು: “ನಿಜ ಹೇಳಿದ್ರೆ ನೀನು ಅದನ್ನೆಲ್ಲ ಇಳಿಸಿ ನನಗೇ ಹೊದಿಸ್ತಿದ್ದೆ.”

ಆಕೆ ಗಂಡನ ಕೈಗಳನ್ನು ಏಣಿಯಿಂದ ಬಿಡಿಸಿದಳು. ಸಾಹೇಬರು ಅಟ್ಟದ ಸಂದುಗಳನ್ನು ಮುಚ್ಚಿ, ಹತ್ತಿಯಂಥ ಹೊಸ ಪದರವನ್ನು ಮೊಣಕಾಲೆತ್ತರಕ್ಕೆ ತುಂಬಿಸಿದರು. ದಿನವಿಡೀ ಗೊಣಗುತ್ತಿದ್ದ ಹೀಟರು ಈಗ ಆಗಾಗ ಸುಮ್ಮನಿರಲು ಕಲಿತಿದೆ.

ಮುಂದಿನ ವಾರ ಭಾವನವರು ಅಕ್ಕನ ಕೋಣೆಯ ಬಾಟಲಿಯನ್ನು ಬಾಗಿಸಿದರು. ಎಣ್ಣೆ ಪೂರ್ತಿ ಕರಗಿರಲಿಲ್ಲ. ಬೆಣ್ಣೆಯಂತೆ ಮೆತ್ತಗಾಗಿ ಮೆಲ್ಲನೆ ಜಾರಿತು. ಅದನ್ನೇ ಅಂಗೈಗೆ ಸುರಿದುಕೊಂಡು ಅಕ್ಕನ ಬೆರಳುಗಳನ್ನು ಒಂದೊಂದಾಗಿ ನೀವತೊಡಗಿದರು. ಮಂಚದ ಮೇಲೆ ಸೂಟ್‌ಕೇಸು ಇರಲಿಲ್ಲ. ಅವರ ಹೆಗಲ ಮೇಲೆ, ಧೂಳು ಕೊಡವಿ ಬಿಸಿಲಿಗೆ ಹಾಕಿ ತಂದ ಶಾಲೊಂದಿತ್ತು.

ಅಟ್ಟದಲ್ಲಿ ಬೆನ್ನು ಬಾಗಿಸಿ ದುಡಿದ ಸಾಹೇಬರಿಗೆ, ಜಪಕ್ಕೆ ಮರಳಿದ ಅಕ್ಕನಿಗೆ, ಸುಳ್ಳು ಹೇಳಿ ಗುಟ್ಟಾಗಿ ಚಳಿಯಲ್ಲಿ ನಡುಗುತ್ತಿದ್ದ ಭಾವನವರಿಗೆ, ಇದ್ದದ್ದೇ ನಿಜವಾದರೆ ಆ ಬಾಣಂತಿ ಅಳಿಲಿಗೂ ಭಗವಂತನು ಬೆಚ್ಚನೆಯ ದಿನಗಳನ್ನು ದಯಪಾಲಿಸಲಿ.