ಬೀರುವಿನಲ್ಲಿ ಬೆಚ್ಚಗಿದ್ದ ಇಂಗು

“ಈ ದೇಶದ ತೇವಕ್ಕೆ ಇಂಗು ಕಲ್ಲಾಗ್ಬಿಡತ್ತೆ ಕಣೋ, ಬೆಚ್ಚಗಿರೋ ಕಡೆ ಇಡು” ಎಂದು ಡಬ್ಲಿನ್ ಅಂಚಿನ ಸಿಟಿವೆಸ್ಟಿನ ವೇದಾವತಿ ಚಿಕ್ಕಮ್ಮ ಪೊಟ್ಟಣ ಕೊಟ್ಟು ಹೇಳಿದ್ದೇ ಎಲ್ಲಕ್ಕೂ ಮೂಲವಾಯಿತು. ಡಬ್ಲಿನ್ನಿನಲ್ಲಿ ಓದುತ್ತಿದ್ದ ಮೈಸೂರಿನ ಮಧುಸೂದನ, ಬೇಸಿಗೆಯ ಮೂರು ತಿಂಗಳು ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತೆಂದು ಶನಿವಾರ ಸಂಜೆ ಐರ್ಲೆಂಡಿನ ನಡುಭಾಗದ ಅತ್ಲೋನ್‌ನ ವಿದ್ಯಾರ್ಥಿಗಳ ಮನೆಗೆ ಬಂದಿಳಿದ. ಆ ಮನೆಯಲ್ಲಿ ಬೆಚ್ಚಗಿದ್ದದ್ದು ಬಿಸಿನೀರಿನ ಟ್ಯಾಂಕ್ ಇದ್ದ ಬೀರು ಒಂದೇ. ಅಲ್ಲಿನವರು ಅದಕ್ಕೆ ಹಾಟ್ ಪ್ರೆಸ್ ಎನ್ನುತ್ತಾರೆ, ಒಗೆದ ಬಟ್ಟೆ ಒಣಗಿಸುತ್ತಾರೆ. ಟವೆಲ್ಲುಗಳ ಹಿಂದೆ ಇಂಗಿನ ಪೊಟ್ಟಣ ತುರುಕಿ ಮಲಗಿದವನು ಅದನ್ನು ಮರೆತೇಬಿಟ್ಟ.

ಅದು ಕೊರೊನಾದ ಎರಡನೇ ಬೇಸಿಗೆ. ಮಧುಸೂದನನಷ್ಟು ಹೆದರಿದ ಪ್ರಾಣಿ ಇಡೀ ಐರ್ಲೆಂಡಿನಲ್ಲಿ ಇನ್ನೊಂದಿರಲಿಲ್ಲ. ಮನೆಯೊಳಗೂ ಎರಡೆರಡು ಮಾಸ್ಕ್, ಬಾಳೆಹಣ್ಣಿಗೂ ಸ್ಯಾನಿಟೈಸರ್. ಹೆದರಿಕೆಗೆ ಕಾರಣವೂ ಇತ್ತು. ಸೋಮವಾರ ಒಂಬತ್ತಕ್ಕೆ ಹಾಜರಾಗದಿದ್ದರೆ ಕೆಲಸ ಪಟ್ಟಿಯಲ್ಲಿರುವ ಮುಂದಿನವನಿಗೆ ಹೋಗುತ್ತದೆಂದು ಲ್ಯಾಬಿನವರು ಸ್ಪಷ್ಟವಾಗಿ ಬರೆದಿದ್ದರು.

ಭಾನುವಾರ ಬೆಳಿಗ್ಗೆ ಸಪ್ಪೆ ಬ್ರೆಡ್ ತಿಂದು, ಐರ್ಲೆಂಡಿನ ಬೇಕರಿಗಳನ್ನೆಲ್ಲ ಬೈದುಕೊಂಡು, ಮಾಸ್ಕ್ ಮೇಲೇರಿಸುತ್ತಿದ್ದಾಗ ಎದುರು ಕೋಣೆಯ ಕ್ಲೋಡಾ ಮೂಗು ಮುಚ್ಚಿಕೊಂಡು ಓಡಿಬಂದಳು. ಮನೆಯೆಲ್ಲ ಗ್ಯಾಸ್ ವಾಸನೆ, ಕೂಡಲೇ ಹೊರಗೆ ಬಾ ಎಂದಳು.

ಮಧುಸೂದನನ ಎದೆ ಧಸಕ್ಕೆಂದಿತು. ರಾತ್ರಿ ಕೊನೆಗೆ ಹಾಲು ಕಾಯಿಸಿದವನು ಅವನೇ. ಸ್ಟವ್ ಆರಿಸಿದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬರಿಗಾಲಲ್ಲೇ ಅಂಗಳಕ್ಕೆ ಬಂದ.

ಅಂಗಳದಲ್ಲಿ ಆಗಲೇ ಅಕ್ಕಪಕ್ಕದವರು ಸೇರಿದ್ದರು. ತಮ್ಮೂರಲ್ಲಿ ಹೀಗೇ ಒಂದು ಮನೆಯ ಸೂರು ಹಾರಿ ಚರ್ಚಿನ ಹಿಂದೆ ಬಿದ್ದಿತ್ತೆಂದು ಮುದುಕನೊಬ್ಬ ವಿವರಿಸುತ್ತಿದ್ದ. ವಾರ್ಡನ್ ಮಿಸೆಸ್ ನೋಲನ್, ಸೋರಿಕೆ ನಿಜವಾದರೆ ಇವತ್ತೇ ಮನೆಗೆ ಬೀಗ, ಎಲ್ಲರೂ ಬೇರೆ ಜಾಗ ನೋಡಿಕೊಳ್ಳಿ ಎಂದರು. ಅತ್ಲೋನ್‌ನಲ್ಲಿ ಆ ಒಂದು ಕೋಣೆ ಹುಡುಕಲು ಮಧುಸೂದನನಿಗೆ ಎರಡು ತಿಂಗಳು ಹಿಡಿದಿತ್ತು.

ಪಕ್ಕದ ಮನೆಯ ಫರ್ಹಾನ್ ಹುಬ್ಬಳ್ಳಿಯವನು, ಹಿಂದಿನ ಸಂಜೆಯಷ್ಟೇ ಪರಿಚಯವಾಗಿದ್ದವನು. ಕನ್ನಡದ ಹುಡುಗ ಬೆವರುವುದನ್ನು ಕಂಡು ಹೆಗಲ ಮೇಲೆ ಕೈ ಹಾಕಿದ.

“ಯಾಕಲೇ ಹಿಂಗ ಬೆವರಾಕತ್ತಿ?”

“ಸ್ಟವ್ ನಾನೇ ಆನ್ ಬಿಟ್ಟಿದೀನಿ ಅನ್ಸತ್ತೆ ಕಣೋ. ನಾಳೆ ನನ್ನ ಕೆಲ್ಸ ಹೋಯ್ತು.”

ಅವನ ಮುಖ ನೋಡಲಾರದೆ ಕ್ಲೋಡಾ ಬೆನ್ನು ಸವರಿದಳು. ಮುದುಕ ಅವನ ಮಾಸ್ಕ್ ಸರಿಸಿ, ತನ್ನ ಫ್ಲಾಸ್ಕಿನ ಮುಚ್ಚಳದಲ್ಲೇ ಟೀ ಕುಡಿಸಿ, ಅದೇ ಮುಚ್ಚಳದಲ್ಲಿ ತಾನೂ ಕುಡಿದ. ಎರಡು ಮೀಟರ್ ಅಂತರ ಯಾರಿಗೂ ನೆನಪಿರಲಿಲ್ಲ.

ಗ್ಯಾಸಿನವನು ಬಂದು ಮೂಲೆಮೂಲೆಗೂ ಮೀಟರ್ ಹಿಡಿದ. ಸ್ಟವ್ ಆರಿದೆ, ಪೈಪು ಸರಿಯಿದೆ, ಆದರೂ ಈ ನಾತ ಎಲ್ಲಿಂದಲೋ ತಿಳಿಯದು ಎಂದು ತಲೆ ಕೆರೆದುಕೊಂಡ. ಫರ್ಹಾನ್ ಹೊಸ್ತಿಲಲ್ಲಿ ನಿಂತು ಒಮ್ಮೆ ಮೂಸಿದ. ವಾಸನೆಯ ಜಾಡು ಹಿಡಿದು ನೆಟ್ಟಗೆ ಹಾಟ್ ಪ್ರೆಸ್ಸಿಗೆ ಕೈಹಾಕಿ, ಪೊಟ್ಟಣ ಹಿಡಿದು ಹೊರಬಂದ.

“ಇದು ಗ್ಯಾಸ್ ಅಲ್ಲಲೇ, ಇಂಗು. ಟ್ಯಾಂಕಿನ ಬಾಜೂಕ ಇಟ್ಟು ಹುರದೀಯಲ್ಲೋ.”

ಅಂಗಳವೆಲ್ಲ ನಕ್ಕಿತು. ಮಿಸೆಸ್ ನೋಲನ್ ಎಲ್ಲ ಸರಿಹೋಯಿತೆಂಬಂತೆ ‘ಗ್ರ್ಯಾಂಡ್, ಗ್ರ್ಯಾಂಡ್’ ಎನ್ನುತ್ತ ಮನೆ ಬಾಗಿಲು ತೆರೆದಿಟ್ಟರು. ಮಧುಸೂದನನಿಗೆ ಹೋದ ಜೀವ ಬಂದಂತಾಯಿತು. ಕೋಣೆಯೂ ಉಳಿಯಿತು, ನಾಳೆಯ ಕೆಲಸವೂ ಉಳಿಯಿತು.

“ಮೈಸೂರಾಗ ಹುಟ್ಟಿ ನಿನಗ ಇಂಗಿನ ವಾಸನಿ ಗೊತ್ತಾಗಲಿಲ್ಲೇನು?” ಎಂದು ಫರ್ಹಾನ್ ಮತ್ತೆ ಹೆಗಲಿಗೆ ಕೈ ಹಾಕಿದ.

“ಎರಡೆರಡು ಮಾಸ್ಕ್ ಹಾಕಿದೀನಿ, ಹೆಂಗಪ್ಪ ಗೊತ್ತಾಗತ್ತೆ?”

ಮಧುಸೂದನ ನಗುತ್ತಲೇ ಎರಡನ್ನೂ ಕಳಚಿ, ಪೊಟ್ಟಣ ಬಿಚ್ಚಿ ಮೂಸಿದ. ಇನ್ನೊಮ್ಮೆ ಜೋರಾಗಿ ಎಳೆದ. ಆಮೇಲೆ ಮೂಗನ್ನೇ ಪುಡಿಯೊಳಗೆ ಇಟ್ಟ.

“ಚಿಕ್ಕಮ್ಮ ಯಾವ್ದೋ ಹಳೇ ಇಂಗು ಕೊಟ್ಬಿಟ್ಟಿದಾರೆ. ವಾಸನೇನೇ ಇಲ್ಲ ನೋಡು.”

ನೋಡಿದರೆ ಅಂಗಳದಲ್ಲಿದ್ದವರೆಲ್ಲ ಮೂಗು ಹಿಡಿದುಕೊಂಡಿದ್ದರು. ಫರ್ಹಾನನ ಕೈ ಹೆಗಲಿನಿಂದ ಮೆಲ್ಲಗೆ ಇಳಿಯಿತು. ಕ್ಲೋಡಾ ಬೇಲಿಯವರೆಗೆ ಹಿಂದೆ ಸರಿದಳು. ಮುದುಕ ಫ್ಲಾಸ್ಕಿನ ಮುಚ್ಚಳವನ್ನೇ ದಿಟ್ಟಿಸಿದ.

ಮನೆಗೆ ಬೀಗ ಬೀಳಲಿಲ್ಲ. ಮಧುಸೂದನನ ಕೋಣೆಯ ಬಾಗಿಲು ಮಾತ್ರ ಹತ್ತು ದಿನ ಮುಚ್ಚಿತು. ಸೋಮವಾರ ಒಂಬತ್ತಕ್ಕೆ ಅವನ ಕುರ್ಚಿಯಲ್ಲಿ ಪಟ್ಟಿಯ ಮುಂದಿನವನು ಬಂದು ಕೂತ.