ಎರಡು ಕಂಡಿ, ಒಂದು ಏಕಗವಾಕ್ಷಿ

ಉಳಿ ಹಿಡಿಯುವ ಮೊದಲು ದಿನಾ ಶಿವನಿಗೆ ಕೈಮುಗಿಯುತ್ತೇನೆ. ಆದರೂ ಚಳ್ಳಕೆರೆಯ ನನ್ನ ಬಡಗಿ ಅಂಗಡಿಗೆ ಬರುವ ಕೆಲಸವೆಲ್ಲ ಏನಾದರೊಂದು ಎಡವಟ್ಟಾಗಿಯೇ ಮುಗಿಯುತ್ತದೆ. ಅವನಿಗೂ ನಗು ಬೇಕೇನೋ. ದೊಡ್ಡಉಳ್ಳಾರ್ತಿಯಲ್ಲಿ ಕುರಿ ಕಾಯುವ ಅಜ್ಜ ಒಬ್ಬರ ಹೊಸ ಮನೆಯನ್ನೇ ತೆಗೆದುಕೊಳ್ಳಿ. ಗೃಹಪ್ರವೇಶದ ಹೊತ್ತಿಗೆ ಕಿಟಕಿ ಕೂರಬೇಕಿತ್ತು, ಕರೆಂಟೂ ಬರಬೇಕಿತ್ತು.

೧. ಎರಡೆಂದರೆ ಎಷ್ಟು?

"ಎರಡು ಕಂಡಿ ಮಾಡು ಆಚಾರಿ," ಎಂದರು ಅಜ್ಜ. ಅವರ ಮಗ ಫೋನ್ ಮಾಡಿ, "ಎರಡು ವಿಂಡೋ ಬೇಕ್ರಿ," ಎಂದ. ಮೊಳಕಾಲ್ಮುರು ಕಡೆಯ ಗಾರೆಯವನು "ರೆಂಡು ಕಿಟಿಕೀಲು" ಎಂದು ಎರಡು ಬೆರಳು ತೋರಿಸಿದ. ಹಿರಿಯರ ಮಾತು ಮೀರಬಾರದು, ಕಿರಿಯರ ಮನಸ್ಸು ನೋಯಿಸಬಾರದು, ಬೇರೆ ಭಾಷೆಯವರನ್ನು ಕಡೆಗಣಿಸಬಾರದು. ಆರು ಮಾಡಿದೆ.

ಗಾಡಿಯಿಂದ ಇಳಿಸುವಾಗ ಅಜ್ಜ ಎಣಿಸಿ, "ಲೇ, ನಾನು ಕಟ್ತಾ ಇರೋದು ಮನೇನೋ, ಜರಡೀನೋ?" ಎಂದರು.

೨. ಅಜ್ಜನ ವೆಂಟಿಲೇಟರ್

ಹಳೇ ಮನೆಯ ಒಲೆ ಹೊಗೆಗೆ ಅಜ್ಜನಿಗೆ ಕೆಮ್ಮು. ಅದಕ್ಕೆ ಹೊಸ ಮನೆಯ ಅಡುಗೆಕೋಣೆ ಗೋಡೆಯಲ್ಲಿ, ಸೂರಿನ ಹತ್ತಿರ, ಪುಟ್ಟದೊಂದು ಕಿಂಡಿ ಕೂರಿಸಿದೆ. ಸೊಸೆ ಖುಷಿಯಿಂದ ಕೊಂಡ್ಲಹಳ್ಳಿಯ ತವರಿಗೆ ಫೋನ್ ಮಾಡಿದರು: "ಅವ್ವಾ, ಮಾವಾರಿಗೆ ಉಸಿರು ಕಟ್ತಿತ್ತು. ಇವತ್ತು ವೆಂಟಿಲೇಟರ್ ಹಾಕ್ಸಿದ್ವಿ."

ಮಧ್ಯಾಹ್ನಕ್ಕೆ ಬೀಗರೆಲ್ಲ ಟೆಂಪೋದಲ್ಲಿ ಅಳುತ್ತಾ ಬಂದಿಳಿದರು. ಮುಂದಿದ್ದವರ ಕೈಯಲ್ಲಿ ಚೆಂಡುಹೂವಿನ ದೊಡ್ಡ ಹಾರ. ಮುದ್ದೆ ಮುರಿಯುತ್ತಿದ್ದ ಅಜ್ಜ ಎದ್ದು ಬಂದು, "ಅಯ್ಯೋ, ಯಾರು ಹೋದ್ರು?" ಎಂದು ತಾವೂ ಅಳತೊಡಗಿದರು.

ವಿಷಯ ತಿಳಿದ ಮೇಲೆ ಬೀಗರು ಹಾರವನ್ನು ಬೆನ್ನ ಹಿಂದೆ ಮುಚ್ಚಿಟ್ಟರು. ಅಜ್ಜ ಬಿಡಲಿಲ್ಲ. "ನನ್ನ ಹೆಸರಲ್ಲಿ ತಂದಿದ್ದು, ವಾಪಸ್ ಒಯ್ಯಬ್ಯಾಡ್ರಿ. ಆ ವೆಂಟಿಲೇಟರ್‌ಗೇ ಹಾಕ್ರಿ."

೩. ಮೇಲಿಂದ ಬಂದ ಅರ್ಜಿ

ಉಳಿದದ್ದು ಕರೆಂಟು. ಗೃಹಪ್ರವೇಶಕ್ಕೆ ಎರಡೇ ದಿನ. ಅಜ್ಜನ ಜೊತೆ ನಾನೂ ಆಫೀಸಿಗೆ ಹೋದೆ. ಗುಮಾಸ್ತ ತಲೆಯೆತ್ತದೆ, "ಅರ್ಜಿ ಕೈಯಾಗೆ ತಗೊಳಲ್ಲ ಅಜ್ಜಾ. ಈಗೆಲ್ಲ ಏಕಗವಾಕ್ಷಿ. ಅದರಿಂದಾನೇ ಬರಬೇಕು," ಎಂದ.

ಎಲ್ಲ ಅರ್ಜಿಗಳನ್ನೂ ಒಂದೇ ಕಡೆ ಕೊಡುವ ಪದ್ಧತಿಗೆ ಸರ್ಕಾರ ಇಟ್ಟ ಹೆಸರದು. ಅಜ್ಜನಿಗೆ ಮಾತ್ರ ಗವಾಕ್ಷಿ ಎಂದರೆ ಮಣ್ಣಿನ ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ತೂತು. ತಲೆಯೆತ್ತಿ ನೋಡಿದರು. ಆ ಹಳೇ ಕಟ್ಟಡದ ಮಾಳಿಗೆಯಲ್ಲೂ, ಅಲ್ಲೇ ಕೂತಿದ್ದ ಸಾಹೇಬರ ನೆತ್ತಿಯ ನೇರಕ್ಕೆ, ಇತ್ತು. ಅದೂ ಒಂದೇ!

"ಐತೆ ಬಿಡು," ಎಂದು ಹೊರಗೆ ಹೋದರು.

ನಾನು 'ಶಿವಾ' ಎನ್ನುವಷ್ಟರಲ್ಲಿ, ಕಂಬಳಿ ದಾರಕ್ಕೆ ಕಟ್ಟಿದ ಅರ್ಜಿ ಗವಾಕ್ಷಿಯಿಂದ ಇಳಿದು ಸಾಹೇಬರ ಮೇಜಿನ ಮೇಲೆ ಕೂತಿತು. ಫೈಲು ನೋಡುತ್ತಿದ್ದ ಸಾಹೇಬರು, "ಇದೆಲ್ಲಿಂದ ಬಂತು?" ಎಂದರು.

ಬಾಯಿ ತೆರೆದು ನಿಂತಿದ್ದ ಗುಮಾಸ್ತ ತೊದಲಿದ: "ಮೇ... ಮೇಲಿಂದ ಬಂತು ಸಾರ್."

ಸಾಹೇಬರು ಧಡಕ್ಕನೆ ಎದ್ದು ನಿಂತರು. "ಮೇಲಿಂದಾನಾ? ಮೊದಲೇ ಹೇಳಬಾರದೇನ್ರಿ!" ನಿಂತಲ್ಲೇ ಸಹಿ, ಸೀಲು. "ಇವತ್ತೇ ಕರೆಂಟು ಕೊಡ್ರಿ. ಮೇಲಕ್ಕೆ ಈಗಲೇ ಉತ್ತರ ಹೋಗಬೇಕು!"

ದಾರ ಜಗ್ಗಿತು. ನಮ್ಮ ಕಣ್ಣೆದುರೇ ಉತ್ತರ ಮೇಲಕ್ಕೆ ಹೋಯಿತು.

ಸಾಹೇಬರೂ ನಾನೂ ಒಟ್ಟಿಗೇ ಕೈಮುಗಿದೆವು.