ನಮ್ಮ ಬೀದಿಯ ಹಲ್ಲಬಲೂ

ತೊಂಬತ್ತಮೂರನೇ ಇಸವಿ, ಫೆಬ್ರವರಿಯ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ದೊಡ್ಡಬಳ್ಳಾಪುರದ ನಮ್ಮ ಮನೆಯ ಜಗಲಿಯಲ್ಲಿ ಹಾಜರಿದ್ದವರು: ನಾನು, ನಮ್ಮ ಯಜಮಾನರು, ಪಕ್ಕದ ಮನೆಯ ನಂಜುಂಡಪ್ಪ, ಅವನ ಹೆಂಡತಿ ರತ್ನಮ್ಮ. ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಕೂಗಿದವಳಿಗೆ ಬೇರೆ ರೀತಿ ಮಾತು ಆರಂಭಿಸಲು ಬರುವುದಿಲ್ಲ. ನಾನು ಏಳುವುದು ಐದಕ್ಕೆ, ಊಟ ಒಂದಕ್ಕೆ, ಎರಡರಿಂದ ಮೂರರವರೆಗೆ ನಿದ್ದೆ. ನಿವೃತ್ತಿಯ ಮೇಲೆ ಶುರುವಾದ ಈ ನಿದ್ದೆಗೆ ಮಾತ್ರ ಹದಿನೈದು ವರ್ಷದಿಂದ ಅಡ್ಡಿ. ನಂಜುಂಡಪ್ಪನ ಎರಡು ಪವರ್‌ಲೂಮ್ ಮಗ್ಗಗಳು ಇರುವುದು ನಾನು ಮಲಗುವ ಕೋಣೆಯ ಗೋಡೆಯಾಚೆಗೆ. ಲಟ್ಟಣಿಗೆಯಿಂದ ಆ ಗೋಡೆಯನ್ನು ಎಷ್ಟು ಗುದ್ದಿದ್ದೇನೆಂದರೆ, ಅಲ್ಲಿ ಸುಣ್ಣ ನಿಲ್ಲುವುದಿಲ್ಲ.

ಮೂಲೆಮನೆಗೆ ಬೆಂಗಳೂರಿನಿಂದ ವರ್ಗವಾಗಿ ಬಂದಿದ್ದ ಆಫೀಸರೊಬ್ಬರು ಪುರಸಭೆಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದು, ಬೀದಿಯವರ ಸಹಿಗೆಂದು ಮನೆಮನೆಗೆ ಕಳಿಸಿದ್ದರು. ಮಗ್ಗಗಳ 'ಹಲ್ಲಬಲೂ' ಸಹಿಸಲಾಗದು, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಿಲ್ಲಿಸಬೇಕು ಎಂದು ಅದರಲ್ಲಿತ್ತು. ಮೊದಲ ಸಹಿ ನನ್ನದಾಗಬೇಕಂತೆ, ಅದಕ್ಕೇ ಮೊದಲು ನಮ್ಮ ಮನೆಗೆ ಬಂದಿತ್ತು. ಟೀಚರಮ್ಮ ಹಾಕಿದರೆ ಮಿಕ್ಕವರು ಓದದೆಯೇ ಹಾಕುತ್ತಾರೆ. ಅವರಲ್ಲಿ ಅರ್ಧ ಜನ ನನ್ನ ಕೈಲಿ ಏಟು ತಿಂದವರು. ಆ ದಿನಗಳಲ್ಲಿ ಬೆಳಗಿನ ಹೊತ್ತು ಕರೆಂಟು ಇರುತ್ತಿರಲಿಲ್ಲ, ಮಧ್ಯಾಹ್ನ ಬಂದರೆ ಬಂತು. ಆ ಎರಡು ಗಂಟೆಯೂ ಹೋದರೆ ಸೀರೆ ಹೇಳಿದ ದಿನಕ್ಕೆ ಮಗ್ಗದಿಂದ ಇಳಿಯುವುದಿಲ್ಲ, ನೂಲು ಕೊಟ್ಟು ನೇಯಿಸುವ ಸಾಹುಕಾರ ಕೆಲಸವನ್ನು ನಂಜುಂಡಪ್ಪನಿಂದ ಕಿತ್ತು ಬೇರೆಯವರಿಗೆ ಕೊಡುತ್ತಾನೆ.

"ಹಾಕ್ಬಿಡಿ ಟೀಚರಮ್ಮ, ನೀವೂ ಎಷ್ಟು ದಿನ ಅಂತ ಗೋಡೆ ಗುದ್ತೀರಿ," ಎಂದ ನಂಜುಂಡಪ್ಪ. ಕೊಂಕೋ ಸಂಕಟವೋ ತಿಳಿಯಲಿಲ್ಲ. "ಆದ್ರೆ ಆ ಪದ ಏನು ಅಂತ ಹೇಳಿ. ಏನಂತ ಬೈಸ್ಕೊಂಡ್ವಿ ಅಂತಾನಾದ್ರೂ ಗೊತ್ತಾಗ್ಲಿ."

ಅರ್ಥ ತಿಳಿಯದೆ ಸಹಿ ಹಾಕುವವಳು ನಾನಲ್ಲ. ನಿವೃತ್ತಿಯ ದಿನ ಶಾಲೆಯವರು ಕೊಟ್ಟ ದಪ್ಪ ನಿಘಂಟು ತಂದೆ. "ಇಡ್ಲಿ ಹಿಟ್ಟಿನ ಮುಚ್ಚಳದ ಮೇಲಿಂದ ಅದು ಇಳಿದದ್ದು ಇದೇ ಮೊದಲು," ಎಂದರು ಯಜಮಾನರು. ಗದ್ದಲ, ರಂಪ, ಗೊಂದಲ ಎಂದಿತ್ತು ನಿಘಂಟು. ಮೂಲ ಖಚಿತವಿಲ್ಲವಂತೆ. ದೂರದವರನ್ನು ಕರೆಯುವ 'ಹಲೋ'ದಂಥ ಕೂಗಿಗೆ, ಸ್ಕಾಟ್ಲೆಂಡಿನ ತಾಯಂದಿರು ಮಗು ಮಲಗಿಸಲು ಹಾಡುವ 'ಬಲೂ' ಸೇರಿಕೊಂಡಿರಬಹುದಂತೆ. ಇಂಗ್ಲಿಷರ ಶಿಸ್ತನ್ನು ಮೂವತ್ತು ವರ್ಷ ಹೊಗಳಿ ಪಾಠ ಮಾಡಿದ್ದೆ. ಅವರ ಪದಕ್ಕೆ ಹುಟ್ಟಿದೂರೇ ಗೊತ್ತಿಲ್ಲ ಎಂದು ಓದಿ ಕಸಿವಿಸಿಯಾಯಿತು.

"ಜೋಗುಳಾನಾ?" ಎಂದಳು ರತ್ನಮ್ಮ. "ಹಂಗಾದ್ರೆ ಸರಿಯಾಗೇ ಬರ್ದವ್ರೆ ಕಣಮ್ಮ. ನಮ್ಮ ಮೊಮ್ಮಗು ಮಗ್ಗ ನಿಂತ್ರೆ ತಾನೆ ಏಳೋದು."

ನೋಡದೆ ನಂಬುವ ಅಭ್ಯಾಸ ನನಗಿಲ್ಲ. ಎರಡು ಗಂಟೆಗೆ, ನಿದ್ದೆ ಬಿಟ್ಟು, ಕೈಗಡಿಯಾರ ಕಟ್ಟಿಕೊಂಡು ಅವರ ಮನೆಗೆ ಹೋದೆ. ಓಡುವ ಮಗ್ಗದಿಂದ ಒಂದು ಮಾರು ದೂರದಲ್ಲಿ ಸೀರೆಯ ಜೋಲಿ. ಅದರಲ್ಲಿ ಮಗು ಬಾಯಿ ತೆರೆದು ಮಲಗಿತ್ತು. "ನಿಲ್ಲಿಸಪ್ಪ," ಎಂದೆ. ಒಂದು ನಿಮಿಷವೂ ಆಗಿರಲಿಲ್ಲ, ಮಗು ಕಣ್ಣು ಬಿಟ್ಟು ಬೀದಿಗೆಲ್ಲ ಕೇಳುವಂತೆ ಕಿರುಚಿತು. ಮಗ್ಗ ಓಡಿತು, ಮಗು ಮಲಗಿತು. ಇನ್ನೊಮ್ಮೆ ನಿಲ್ಲಿಸಿ ನೋಡಿದೆ, ಅದೇ ಫಲ. ಮೂರನೆಯ ಸಲಕ್ಕೆ ರತ್ನಮ್ಮ, "ಸಾಕು ಬುಡಮ್ಮ, ಮಗೀನ ಇನ್ನೂ ಸ್ಕೂಲಿಗೆ ಸೇರ್ಸಿಲ್ಲ," ಎಂದಳು.

ಸಹಿಯ ಜಾಗದಲ್ಲಿ ಪದದ ಅರ್ಥ, ಅದರ ಮೂಲ, ನನ್ನ ಪರೀಕ್ಷೆಯ ಫಲಿತಾಂಶ ಎಲ್ಲ ಬರೆದು, ಸಂಜೆ ಆಫೀಸರ ಕೈಗೆ ನಾನೇ ಕೊಟ್ಟೆ. ಅವರು ಎರಡು ಸಲ ಓದಿದರು.

"ಏನ್ ಮೇಡಂ ಇದು? ನೀವು ಗೋಡೆ ಗುದ್ದೋದು ನಮ್ಮನೆವರೆಗೂ ಕೇಳ್ಸುತ್ತೆ. ನಿಮಗೋಸ್ಕರಾನೇ ಬರೆದದ್ದು ಅಂದ್ಕೊಳ್ಳಿ."

"ಗೋಡೆ ನನ್ನದು, ಲಟ್ಟಣಿಗೆ ನನ್ನದು. ನಂಜುಂಡಪ್ಪನ್ನ ಬೈಯೋದಿದ್ರೆ ನಾನೇ ಬೈತೀನಿ, ಕನ್ನಡದಲ್ಲೇ ಬೈತೀನಿ. ಅದಕ್ಕೆ ಪುರಸಭೆ ಬೇಡ," ಎಂದು ಹೇಳಿ ಬಂದೆ. ಬೀದಿಯಲ್ಲಿ ಮತ್ತಾರೂ ಸಹಿ ಹಾಕಲಿಲ್ಲ.

ಮರುದಿನದ ದೀಪಕ್ಕೆ ಬತ್ತಿ ಹೊಸೆದಿಡುವುದು ನನ್ನ ದಿನದ ಕೊನೆಯ ಕೆಲಸ. ಅಂದೂ ಹೊಸೆದೆ. ಉಳಿದ ಹತ್ತಿಯಲ್ಲಿ ಎರಡು ಉಂಡೆ ಮಾಡಿ, ಯಜಮಾನರು ಆಚೆ ತಿರುಗಿದಾಗ, ಕಿವಿಯ ಅಳತೆ ನೋಡಿಕೊಂಡು ದಿಂಬಿನ ಕೆಳಗೆ ಇಟ್ಟೆ.